ಸಂಚಿಯ ಹೊನ್ನಮ್ಮ: ಊಳಿಗದವಳು ಕವಿಯಾದ ಬಗೆ

ಸೊಲ್ಲಾಪುರ, ಅಕ್ಕಲಕೋಟೆಗಳ ಹಳ್ಳಿಗಳಲ್ಲಿ ಹಿರಿಯರು ಎಲೆ, ಅಡಿಕೆ, ಸುಣ್ಣದ ಡಬ್ಬಿ ಇಟ್ಟುಕೊಳ್ಳುವ ಬಟ್ಟೆಯ ಚೀಲಕ್ಕೆ ‘ಚಂಚಿ’ ಎನ್ನುವುದುಂಟು. ಇದೇ ಚೀಲಕ್ಕೆ ಮೈಸೂರು ಸೀಮೆಯ ಹೆಸರು ‘ಸಂಚಿ’. ಆ ಸಂಚಿಯನ್ನು ಅರಮನೆಯಲ್ಲಿ ಹಿಡಿದು ನಿಂತವಳೊಬ್ಬಳು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಸ್ಥಿರವಾದ ಸ್ಥಾನ ಪಡೆದಳು. ಅವಳೇ ಸಂಚಿಯ ಹೊನ್ನಮ್ಮ.

ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಶ್ರೀರಂಗಪಟ್ಟಣದಲ್ಲಿ ಆಳಿದರು. ಅವರ ಆಳ್ವಿಕೆಯ ನಡುವೆಯೇ, 1686ರಲ್ಲಿ, ನಮ್ಮ ವಿಜಾಪುರ ರಸ್ತೆ ತಲುಪುವ ಆದಿಲಶಾಹಿ ರಾಜಧಾನಿಯು ಔರಂಗಜೇಬನ ವಶವಾಯಿತು. ಉತ್ತರದಲ್ಲಿ ಒಂದು ದರಬಾರು ಅಳಿಯುತ್ತಿದ್ದಾಗ ಕಾವೇರಿಯ ದಂಡೆಯ ದರಬಾರಿನಲ್ಲಿ ಕನ್ನಡಕ್ಕೆ ಹೊಸ ಏಳಿಗೆ ಒದಗಿತ್ತು. ಅರಸನೂ ಮಂತ್ರಿ ತಿರುಮಲಾರ್ಯನೂ ಸಾಹಿತ್ಯಪ್ರಿಯರು. ಪಟ್ಟದರಸಿ ದೇವಾಜಮ್ಮಣ್ಣಿ ಯಳಂದೂರಿನ ಪ್ರಭುಮನೆತನದವಳು, ಹೊನ್ನಮ್ಮನೂ ಯಳಂದೂರಿನವಳೇ.

ಸಂಚಿ ಹಿಡಿಯುವುದು ಇಂದಿನ ಕಣ್ಣಿಗೆ ಅಲ್ಪ ಕೆಲಸವಾಗಿ ಕಾಣಬಹುದು. ಆದರೆ ಅರಸರ ಬಾಯಿಗೆ ಹೋಗುವ ತಾಂಬೂಲವನ್ನು ಯಾರ ಕೈಗಾದರೂ ಒಪ್ಪಿಸುವಂತಿರಲಿಲ್ಲ. ಆ ಊಳಿಗಕ್ಕೆ ಮೊದಲು ಬೇಕಾದುದು ನಂಬಿಕೆ. ಸಂಚಿಯವಳು ಸದಾ ಹತ್ತಿರದಲ್ಲಿರಬೇಕು. ಮಾತುಗಳೆಲ್ಲ ಕಿವಿಗೆ ಬಿದ್ದರೂ ತಾನು ಆಡಬಾರದು. ವಿದ್ವಾಂಸರ ಚರ್ಚೆ, ಪುರಾಣಶ್ರವಣ, ಕಾವ್ಯವಾಚನ ನಡೆಯುವ ಮನೆಯಲ್ಲಿ ಹಾಗೆ ಮೌನವಾಗಿ ನಿಂತವಳಿಗೆ ಅದೇ ಒಂದು ಪಾಠಶಾಲೆ. ಅವಳ ಕಲಿಕೆ ಕೇಳ್ಮೆಯಲ್ಲಿಯೇ ನಿಲ್ಲಲಿಲ್ಲ. ಆಸ್ಥಾನದ ವಿದ್ವಾಂಸ ಅಳಸಿಂಗರಾರ್ಯ ಅವಳಿಗೆ ಗುರುವಾದನು. ಅವಳ ಪ್ರತಿಭೆಯನ್ನು ಅರಸನ ಮುಂದೆ ಮೆಚ್ಚಿ ನುಡಿದನು. ಅರಸ, ಅರಸಿಯರ ಪ್ರೋತ್ಸಾಹದಿಂದ ಹುಟ್ಟಿದುದು ‘ಹದಿಬದೆಯ ಧರ್ಮ’. ಪಂಡಿತರ ಪ್ರೌಢ ಚಂಪುವನ್ನು ಬಿಟ್ಟು, ಮನೆಯ ಹೆಂಗಸರೂ ಹಾಡಿಕೊಳ್ಳಬಹುದಾದ ಸಾಂಗತ್ಯವನ್ನು ಆಕೆ ಆರಿಸಿಕೊಂಡಳು. ಕಾವ್ಯವು 9 ಸಂಧಿಗಳಷ್ಟಿದೆ.

ಹದಿಬದೆ ಎಂದರೆ ಪತಿವ್ರತೆ. ಪತಿಸೇವೆ, ಅತ್ತೆಮಾವಂದಿರ ಉಪಚಾರ, ಗೃಹಕೃತ್ಯ ಇವೇ ಗ್ರಂಥದ ಬಹುಭಾಗವನ್ನು ತುಂಬಿವೆ. ಇಂದಿನ ಓದುಗಳಿಗೆ ಅದೆಲ್ಲ ಒಪ್ಪಿಗೆಯಾಗದು, ಆಗಬೇಕಾಗಿಯೂ ಇಲ್ಲ. ಆದರೆ ಆ ವಿಧೇಯ ನುಡಿಗಳ ನಡುವೆಯೇ ಹೊನ್ನಮ್ಮ ಒಂದೆಡೆ ಸಿಡಿದು ಪ್ರಶ್ನಿಸುತ್ತಾಳೆ. ಹೆತ್ತವಳೂ ಹೆಣ್ಣು, ಸಾಕಿದವಳೂ ಹೆಣ್ಣು. ಹೀಗಿರಲು ಹೆಣ್ಣೆಂದು ಹೀಗಳೆಯುವವರು ಕಣ್ಣಿದ್ದೂ ಕುರುಡರಲ್ಲವೆ? ಮಗನಾದರೆ ಬಂದ ಹೆಚ್ಚಳವೇನು, ಮಗಳಾದರೆ ಆದ ಕೊರತೆಯೇನು? ಇಬ್ಬರಲ್ಲಿ ಯಾರು ಗುಣವಂತರೋ ಅವರಿಂದಲೇ ತಾಯಿತಂದೆಗಳಿಗೆ ಸದ್ಗತಿ ಎಂಬುದು ಅವಳ ತೀರ್ಪು.

ಈ ತೀರ್ಪಿನ ದಾರಿಗೆ ಬರಲು ಕಾಯಿದೆಗೆ ಸುಮಾರು ಮುನ್ನೂರು ವರ್ಷ ಬೇಕಾಯಿತು. ಮಹಾರಾಷ್ಟ್ರವು 1994ರಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲನ್ನು ಒಪ್ಪಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. 2005ರಲ್ಲಿ ತಂದೆ ಜೀವಂತನಿರಲೇಬೇಕೆಂಬ ನಿಬಂಧನೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು.

ಆದರೂ ನಮ್ಮ ಭಾಗದಲ್ಲಿ ‘ಹಕ್ಕಸೋಡ ಪತ್ರ’ದ ರೂಢಿ ನಿಂತಿಲ್ಲ. ತವರಿಗೆ ಬಂದ ಮಗಳ ಮುಂದೆ ಕಾಗದ ಬರುತ್ತದೆ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಲ್ಲಿ ಅವಳು ಸಹಿ ಮಾಡುತ್ತಾಳೆ. ತಿಳಿದು, ಮನಸಾರೆ ಬಿಟ್ಟುಕೊಡುವುದು ಅವಳ ಇಷ್ಟ. ಆದರೆ ಒತ್ತಾಯದಿಂದಲೋ ವಂಚನೆಯಿಂದಲೋ ಪಡೆದ ಸಹಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಅಲ್ಲಿಯವರೆಗೆ ಹೋಗದಿರಬೇಕಾದರೆ, ಸಹಿಗೆ ಮೊದಲು ಆ ಪತ್ರವನ್ನು ಅವಳೇ ಓದಬೇಕು. ಅದು ಮರಾಠಿಯಲ್ಲಿದ್ದು ಅವಳಿಗೆ ಅರ್ಥವಾಗದಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಬೇಕು.

ಕನ್ನಡ ಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ಹೊನ್ನಮ್ಮನ ಬಾಳು ಹೇಳಬೇಕಾದ ಕಾರಣ ಇದೇ. ಅವಳಿಗೆ ಅರಮನೆ ಕೊಟ್ಟದ್ದು ಒಂದು ಚೀಲ. ಗುರು ಕೊಟ್ಟದ್ದು ಅಕ್ಷರ. ಚೀಲ ಹಿಡಿದವರು ಅವಳಿಗಿಂತ ಮೊದಲೂ ಇದ್ದರು, ಆಮೇಲೂ ಇದ್ದರು. ಅವರ ಹೆಸರು ಉಳಿಯಲಿಲ್ಲ. ಅಕ್ಷರ ಹಿಡಿದವಳ ಹೆಸರು ಉಳಿಯಿತು, ಅವಳ ಪ್ರಶ್ನೆಯೂ ಉಳಿಯಿತು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಇಂದು ಮನೆಯ ತಂದೆಯೂ ಅಣ್ಣತಮ್ಮಂದಿರೂ ಆಗಿದ್ದಾರೆ.