ತಂತಿ ನೆಲದೊಳಗೆ, ಬಿಲ್ ಯಾರ ಮೇಲೆ?

2023ರ ನವೆಂಬರ್‌ನಲ್ಲಿ ಬೆಂಗಳೂರಿನ ಕಾಡುಗೋಡಿ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ತಾಯಿ ಮತ್ತು ಹಸುಗೂಸು ಸತ್ತರು. ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ಹಾಸ್ಟೆಲ್‌ನಲ್ಲಿ ಎರಡು ಮಾತು ಕೇಳುತ್ತೇನೆ: ತಂತಿಗಳನ್ನು ನೆಲದಡಿ ಹಾಕಲಿ, ಕಂಪನಿಯನ್ನು ಖಾಸಗಿಯವರಿಗೆ ಕೊಡಲಿ. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ಎರಡನೆಯದರಿಂದ ಮೊದಲನೆಯದು ಆಗುತ್ತದೆ ಎಂಬುದಕ್ಕೆ ಇದೆ.

1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು. 2002ರಲ್ಲಿ ವಿತರಣೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳ ಪಾಲಾಯಿತು. ಹೆಸರು ಕಂಪನಿ, ಮಾಲೀಕ ಮಾತ್ರ ಸರ್ಕಾರವೇ. ದರ ನಿಗದಿ ಮಾಡುವುದು ಕೆಇಆರ್‌ಸಿ. ಕೇಬಲ್ ಹೂಳಲು ಮಾಡಿದ ವೆಚ್ಚವನ್ನು ಆಯೋಗ ಒಪ್ಪಿದರೆ ಸಾಲದ ಬಡ್ಡಿ, ಸವಕಳಿ ಎಲ್ಲವೂ ಯೂನಿಟ್ ದರದೊಳಗೆ ಸೇರುತ್ತವೆ. ಕಂಬದ ಮೇಲಿನ ತಂತಿಗಿಂತ ನೆಲದಡಿಯ ಕೇಬಲ್‌ಗೆ ಹಲವು ಪಟ್ಟು ಖರ್ಚು. ಮಾಲೀಕ ಯಾರೇ ಆಗಲಿ, ಈ ಲೆಕ್ಕ ಬದಲಾಗದು.

ಹಳೆಯ ಬಾಕಿಯೂ ಹೀಗೇ ಬರುತ್ತದೆ. ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆ ಸೇರಿತು. ಗೃಹಜ್ಯೋತಿ ಇರುವ ಮನೆಗೆ ಇದು ಅಷ್ಟಾಗಿ ಕಾಣದು. ಝೆರಾಕ್ಸ್ ಅಂಗಡಿಯವರನ್ನು ಕೇಳಿ ನೋಡಿ.

2025ರ ಅಕ್ಟೋಬರ್‌ನಲ್ಲಿ ಕೇಂದ್ರ ಹೊರಡಿಸಿದ ವಿದ್ಯುತ್ ತಿದ್ದುಪಡಿ ಕರಡು ಒಂದೇ ಪ್ರದೇಶದಲ್ಲಿ ಹಲವು ಕಂಪನಿಗಳು ಒಂದೇ ಜಾಲವನ್ನು ಹಂಚಿಕೊಂಡು ವಿದ್ಯುತ್ ಮಾರಲು ದಾರಿ ಮಾಡುತ್ತದೆ. ಬಾಡಿಗೆ ಕೊಟ್ಟು ಅದೇ ತಂತಿ ಬಳಸುವ ಹೊಸಬರು ರಸ್ತೆ ಅಗೆಯಲು ಏಕೆ ಬರುತ್ತಾರೆ? ಅವರ ಕಣ್ಣು ಹೆಚ್ಚು ದರ ಕೊಡುವ ಕಾರ್ಖಾನೆ, ಮಾಲ್‌ಗಳ ಮೇಲೆ. ಆ ಗ್ರಾಹಕರು ಹೋದರೆ ತಂತಿಯ ಹೊಣೆಯೂ ಪಂಪ್‌ಸೆಟ್ ಹಳ್ಳಿಯೂ ಹಳೆಯ ಕಂಪನಿಗೇ ಉಳಿಯುತ್ತವೆ.

ಇನ್ನು ನಮ್ಮ ಕೆಲಸದ ಮಾತು. 2024ರಲ್ಲಿ ಕೆಪಿಟಿಸಿಎಲ್ ಕರೆದ ಕಿರಿಯ ಪವರ್‌ಮ್ಯಾನ್ ಹುದ್ದೆಗೆ 8 ಮೀಟರ್ ಕಂಬ ಹತ್ತುವುದು ಕಡ್ಡಾಯವಾಗಿತ್ತು. ನನ್ನ ಗೆಳೆಯನೊಬ್ಬ ಅಂಗೈ ಸುಲಿಯುವಷ್ಟು ಅಭ್ಯಾಸ ಮಾಡಿದ. ಹೂತ ಕೇಬಲ್ ಕೆಟ್ಟರೆ ಹತ್ತಲು ಕಂಬವೇ ಇರದು. ದೋಷ ಎಲ್ಲಿದೆಯೆಂದು ಉಪಕರಣದಿಂದ ಹುಡುಕಿ, ಅಲ್ಲೇ ಅಗೆದು, ಜಾಯಿಂಟ್ ಹಾಕಬೇಕು. ಈ ಕೌಶಲ ಕಲಿತ ಕಾಯಂ ನೌಕರರು ಎಷ್ಟು ಬೇಕಾಗುತ್ತಾರೆ, ಎಷ್ಟು ಕೆಲಸ ಗುತ್ತಿಗೆಗೆ ಹೋಗುತ್ತದೆ ಎಂದು ಯೋಜನೆ ರೂಪಿಸುವಾಗಲೇ ಹೇಳಬೇಕು. ದರ ಪರಿಷ್ಕರಣೆಗೆ ಮುನ್ನ ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಆಕ್ಷೇಪಣೆ ಸಲ್ಲಿಸಲು ವಕೀಲರೇ ಆಗಬೇಕಿಲ್ಲ. ಮುಂದಿನ ಬಾರಿ ಈ ಪ್ರಶ್ನೆಯನ್ನು ನಾನು ಬರೆದು ಕೊಡುವವನಿದ್ದೇನೆ.