ಓದುಗರ ಆಸಕ್ತಿಗೆ ತಕ್ಕ ಆಹಾರ ಸುದ್ದಿ: ಆಸಕ್ತಿ ಎಂದರೆ ಯಾವುದು?

ರೇಷನ್ ಅಕ್ಕಿಯನ್ನು ನೀರಿಗೆ ಹಾಕಿದಾಗ ಕೆಲವು ಕಾಳು ಮೇಲೆ ತೇಲುವ ವಿಡಿಯೊ ನಿಮಗೂ ಬಂದಿರಬಹುದು. ‘ಪ್ಲಾಸ್ಟಿಕ್ ಅಕ್ಕಿ, ಎಲ್ಲರಿಗೂ ತಿಳಿಸಿ’ ಎಂಬ ಸಾಲು ಕೆಳಗೆ ಇದ್ದೇ ಇರುತ್ತದೆ. ಪೀಣ್ಯದ ಹತ್ತಿರ ನಾನಿರುವ ಬೀದಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕ ಒಬ್ಬರು ಒಂದು ಭಾನುವಾರ ಮೊರದಲ್ಲಿ ಅಕ್ಕಿ ಹಾಕಿಕೊಂಡು ಅಂಥ ಕಾಳುಗಳನ್ನು ಒಂದೊಂದಾಗಿ ಆರಿಸಿ ಎಸೆಯುತ್ತಿದ್ದರು. “ಏನಕ್ಕಾ, ಕಲ್ಲಾ?” ಎಂದೆ. “ಕಲ್ಲಾದ್ರೆ ಪರವಾಗಿಲ್ಲ ಕಣಮ್ಮ, ಪ್ಲಾಸ್ಟಿಕ್ಕಂತೆ” ಎಂದರು.

ಆ ವಾರ ನಾನು ನಮ್ಮ ಬೀದಿಯ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದ್ದ ಆಹಾರ ಪತ್ರದ ವಿಷಯ ಚಿಯಾ ಬೀಜ! ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್ ಒಂದರಲ್ಲಿ ಗೆಳತಿ ಇಂಥದ್ದೇ ಪತ್ರ ಬರೆಯುತ್ತಾಳೆ. ಅಲ್ಲಿ ಚೆನ್ನಾಗಿ ಓಡಿತು ಎಂದು ಇಲ್ಲಿಗೂ ತಂದಿದ್ದೆ. ಸಂವಹನದಲ್ಲಿ ಎಂಎ ಮಾಡಿದವಳಿಗೆ ಇಷ್ಟು ಹೊಳೆಯಲಿಲ್ಲ ಎಂದರೆ ನಗು ಬರುತ್ತದೆ.

ಮೊದಲು ಆ ಕಾಳಿನ ವಿಷಯ ಹೇಳಿಬಿಡುತ್ತೇನೆ. ಅದು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಅಕ್ಕಿಯ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ ಮತ್ತು ವಿಟಮಿನ್ ಬಿ12 ಸೇರಿಸಿ, ಯಂತ್ರದಲ್ಲಿ ಒತ್ತಿ ಮತ್ತೆ ಅಕ್ಕಿಯ ಆಕಾರಕ್ಕೆ ತರುತ್ತಾರೆ. 100 ಕಿಲೊ ಅಕ್ಕಿಗೆ ಸುಮಾರು 1 ಕಿಲೊ ಲೆಕ್ಕದಲ್ಲಿ ಬೆರೆಸುತ್ತಾರೆ. ಹಿಟ್ಟಿನಿಂದ ಮಾಡಿದ್ದರಿಂದ ಬಣ್ಣ ತುಸು ಬೇರೆ, ಕೆಲವು ಕಾಳು ತೇಲುತ್ತವೆ ಕೂಡ. ರೇಷನ್ ಅಂಗಡಿ, ಅಂಗನವಾಡಿ, ಶಾಲೆಯ ಬಿಸಿಯೂಟಕ್ಕೆ ಬರುತ್ತಿದ್ದುದು ಇದೇ. ಚೀಲದ ಮೇಲೆ ‘+ಎಫ್’ ಗುರುತು ಇರುತ್ತದೆ, ನೋಡಿಕೊಳ್ಳಿ. ಥಲಸ್ಸೇಮಿಯಾದಂಥ ರಕ್ತದ ಕಾಯಿಲೆ ಇರುವವರು ಮಾತ್ರ ತಮ್ಮ ವೈದ್ಯರನ್ನು ಒಮ್ಮೆ ಕೇಳುವುದು ಒಳ್ಳೆಯದು.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಅಕ್ಕ ಆರಿಸಿ ಎಸೆಯುತ್ತಿದ್ದುದು ಅವರಿಗೇ ಬೇಕಾಗಿದ್ದ ಕಾಳನ್ನು.

ಓದುಗರ ಆಸಕ್ತಿ ನೋಡಿ ಬರೆಯಬೇಕು ಎಂದು ಎಲ್ಲರೂ ಹೇಳುತ್ತಾರೆ. ತೊಡಕಿರುವುದು ಆಸಕ್ತಿಯನ್ನು ಅಳೆಯುವ ರೀತಿಯಲ್ಲಿ. ಎಷ್ಟು ಜನ ತೆರೆದರು, ಎಷ್ಟು ಜನ ಮುಂದೆ ಕಳಿಸಿದರು ಎಂಬುದು ಎಣಿಕೆಗೆ ಸಿಗುತ್ತದೆ. ಆದರೆ ಹೆದರಿಕೆಯಾದರೂ ಜನ ತೆರೆಯುತ್ತಾರೆ, ಮಗುವಿನ ಮೇಲಿನ ಕಾಳಜಿಗೂ ಮುಂದೆ ಕಳಿಸುತ್ತಾರೆ. ಐದು ಅಥವಾ ಹೆಚ್ಚು ಕೈ ದಾಟಿ ಬಂದ ಸಂದೇಶಕ್ಕೆ ವಾಟ್ಸ್‌ಆ್ಯಪ್ ಜೋಡಿ ಬಾಣದ ಗುರುತು ಹಾಕುತ್ತದೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳಿಸಬಹುದು. ಆ ಜೋಡಿ ಬಾಣ ಹೇಳುವುದು ಸಂದೇಶ ಬಹಳ ಓಡಾಡಿದೆ ಎಂದಷ್ಟೇ. ನಿಜವೋ ಸುಳ್ಳೋ, ನಿಮಗೆ ಬೇಕೋ ಬೇಡವೋ ಎಂಬುದು ಅದರಲ್ಲಿಲ್ಲ.

ಗೋಬಿ ಮಂಚೂರಿ ಪ್ರಕರಣ ನೆನಪಿದೆಯಲ್ಲ? 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಯ 171 ಮಾದರಿ ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು. ಬಾಂಬೆ ಮಿಠಾಯಿಯ 25ರಲ್ಲಿ 15 ಹಾಗೇ ಇದ್ದವು. ನಿಷೇಧವಾದದ್ದು ಬಣ್ಣ. ಫಾರ್ವರ್ಡ್‌ಗಳಲ್ಲಿ ಬಂದದ್ದು ‘ಗೋಬಿ ಬ್ಯಾನ್’. ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ, ಯಾವ ತಿನಿಸಿಗೂ ಅದಕ್ಕೆ ಅನುಮತಿಯಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಪಿಜಿಗಳಲ್ಲಿರುವ ಹುಡುಗ ಹುಡುಗಿಯರಿಗೆ ರಾತ್ರಿ ತಳ್ಳುಗಾಡಿಯೇ ಅಡುಗೆಮನೆ. ‘ಹೊರಗೆ ತಿನ್ನಬೇಡಿ’ ಎಂಬ ಉಪದೇಶ ಅವರಿಗೆ ಏನೂ ಪ್ರಯೋಜನವಿಲ್ಲ. ‘ಅಣ್ಣಾ, ಕಲರ್ ಹಾಕ್ದೆ ಮಾಡ್ಕೊಡಿ’ ಎಂದು ಕೇಳಬಹುದು ಎನ್ನುವುದು ಪ್ರಯೋಜನದ ಮಾತು. ಗಾಡಿಯವರ ಹೊಟ್ಟೆಗೂ ಕಲ್ಲು ಬೀಳುವುದಿಲ್ಲ.

ಇಡ್ಲಿಯದೂ ಇದೇ ಕಥೆ. 2025ರ ಫೆಬ್ರವರಿಯಲ್ಲಿ ತಪಾಸಣೆ ನಡೆದ 251 ಕಡೆಗಳಲ್ಲಿ 52 ಕಡೆ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದುದು ಕಂಡುಬಂತು. ಬಿಸಿ ಹಬೆಗೆ ಪ್ಲಾಸ್ಟಿಕ್‌ನಿಂದ ಹಾನಿಕರ ರಾಸಾಯನಿಕ ಆಹಾರಕ್ಕೆ ಸೇರಬಹುದು ಎಂಬುದೇ ಆತಂಕ. ಸುದ್ದಿ ಒಂದೇ, ಆದರೆ ವೈಟ್‌ಫೀಲ್ಡ್‌ನವರು ಯಾವ ಹೋಟೆಲಿನಿಂದ ತರಿಸಲಿ ಎಂದು ಕೇಳುತ್ತಾರೆ. ನಮ್ಮ ಬೀದಿಯಲ್ಲಿ ಮನೆಯಲ್ಲೇ ಇಡ್ಲಿ ಮಾಡಿ ಬಸ್‌ಸ್ಟಾಪ್ ಬಳಿ ಮಾರುವ ಆಂಟಿ ಕೇಳಿದ್ದು, “ಬಟ್ಟೆನ ದಿನಾ ಕುದಿಸ್ಬೇಕಾ?” ಎಂದು. ಅವರಿಗಾಗಿ ಬರೆದ ಒಂದೇ ಒಂದು ಲೇಖನವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. (ತೊಳೆದು, ಕುದಿಯುವ ನೀರಲ್ಲಿ ಅದ್ದಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ ಎಂದೆ.)

ಓದುಗರಿಂದಲೇ ವಿಷಯ ಹುಟ್ಟಿಸಿದ ಮಾದರಿ ನಮ್ಮಲ್ಲೇ ಇದೆ. ಪುತ್ತೂರಿನಲ್ಲಿ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಲೇಖನದ ಕೊನೆಗೆ ಆ ರೈತರನ್ನು ಸಂಪರ್ಕಿಸುವ ವಿವರ ಇರುತ್ತದೆ, ಓದಿದವರು ನೇರ ಮಾತಾಡಬಹುದು. ಹಲಸಿನ ಹಣ್ಣು, ಕಾಯಿ, ಬೀಜದ ಉಪಯೋಗಗಳನ್ನು ಸಂಪಾದಕ ಶ್ರೀಪಡ್ರೆ ಅದರಲ್ಲಿ ವರ್ಷಗಟ್ಟಲೆ ಬಿಡದೆ ಬರೆಸಿದರು. ಬಿದ್ದು ಕೊಳೆಯುವ ಹಣ್ಣಿನ ಬಗ್ಗೆ ಓದುಗರು ಮೊದಲೇ ಆಸಕ್ತಿ ತೋರಿಸಿರಲಿಲ್ಲ ಎಂಬುದನ್ನೂ ಮರೆಯಬಾರದು. ಕೇಳಿದ್ದನ್ನಷ್ಟೇ ಕೊಡುತ್ತಿದ್ದರೆ ಹಲಸು ಪತ್ರಿಕೆಗೆ ಬರುತ್ತಲೇ ಇರಲಿಲ್ಲ.

ಈಗ ನಾನು ಪತ್ರ ಬರೆಯುವ ಮೊದಲು ಗುಂಪಿನಲ್ಲಿ ಒಂದೇ ಮಾತು ಕೇಳುತ್ತೇನೆ: ಈ ವಾರ ಅಡುಗೆ ಮಾಡುವಾಗ, ಸಾಮಾನು ತರುವಾಗ ಏನು ಅನುಮಾನ ಬಂತು? ಟೈಪ್ ಮಾಡಲು ಬೇಜಾರಾದವರು ಧ್ವನಿ ಸಂದೇಶ ಕಳಿಸುತ್ತಾರೆ, ಹಿಂದೆ ಕುಕ್ಕರ್ ಕೂಗುತ್ತಿರುತ್ತದೆ. ಬರುವ ಪ್ರಶ್ನೆಗಳು ಕಡಿಮೆ, ಕೆಲವು ವಾರ ಮೂರೇ.

ಮೊರದ ಅಕ್ಕನದು ಹೋದ ವಾರ ಬಂತು. ಕಾಳು ಎಸೆಯುವುದನ್ನು ಬಿಟ್ಟಿದ್ದಾರೆ, ಆದರೆ ಅವರ ಮನೆಯಲ್ಲಿ ಅನ್ನ ಬಸಿಯುವ ರೂಢಿ. “ಗಂಜೀಲಿ ಎಲ್ಲಾ ಹೋಗ್ಬಿಡುತ್ತಾ?” ಕಬ್ಬಿಣದ ಅಂಶ ಹೆಚ್ಚಿನಂಶ ಅನ್ನದಲ್ಲೇ ಉಳಿಯುತ್ತದೆ, ನೀರಲ್ಲಿ ಕರಗುವ ಬಿ ಗುಂಪಿನ ವಿಟಮಿನ್‌ಗಳಲ್ಲಿ ಸ್ವಲ್ಪ ಗಂಜಿಗೆ ಹೋಗುತ್ತದೆ, ಆದ್ದರಿಂದ ಗಂಜಿ ಚೆಲ್ಲದೆ ಕುಡಿಯಿರಿ ಅಥವಾ ನೀರು ಇಂಗುವಂತೆ ಬೇಯಿಸಿ ಎಂದು ಬರೆದೆ. ಊಟ ಆದ ಕೂಡಲೇ ಟೀ ಕುಡಿದರೆ ಮೈಗೆ ಕಬ್ಬಿಣ ಹತ್ತುವುದು ಕಡಿಮೆಯಾಗುತ್ತದೆ, ಒಂದು ಗಂಟೆ ಬಿಡಿ ಎಂದೂ ಸೇರಿಸಿದೆ. ಅದಕ್ಕೆ ಬಂದ ಉತ್ತರ: “ಫ್ಯಾಕ್ಟ್ರೀಲಿ ಊಟಕ್ಕೆ ಕೊಡೋದೇ ಅರ್ಧ ಗಂಟೆ ಕಣಮ್ಮ.”