ಬಾವಿಯ ಅಳತೆ ನಮ್ಮ ಕಾಲೇಜುಗಳ ಕೈಗೆ ಬರಲಿ

ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ಅಳೆಯುತ್ತ ಬಂದಿರುವುದು ವರ್ಷಕ್ಕೆ ನಾಲ್ಕು ಸಲ. ಇಡೀ ದೇಶದ ಲೆಕ್ಕಕ್ಕೆ ಅದು ಸಾಕಾಗಬಹುದು, ಬೀದರಿಗೆ ಸಾಲದು. ನಗರ ನಿಂತಿರುವುದು ಮಳೆನೀರನ್ನು ಬೇಗ ಇಳಿಸಿಕೊಳ್ಳುವ ಜಂಬಿಟ್ಟಿಗೆಯ ಮೇಲೆ. ನೌಬಾದಿನ ಕಾರೇಜ್ ಎಂಬ ನೀರಿನ ಸುರಂಗವನ್ನು ಬಹಮನಿ ಕಾಲದಲ್ಲಿ ಕೊರೆದವರು ನೆಚ್ಚಿದ್ದು ಈ ಕಲ್ಲಿನ ಗುಣವನ್ನೇ. ಭಾಲ್ಕಿ, ಔರಾದ ಕಡೆಯ ಕಪ್ಪು ನೆಲದಲ್ಲಿ ನೀರಿನ ನಡೆಯೇ ಬೇರೆ. ಒಂದು ಮಳೆಗೆ ಬಾವಿ ಎಷ್ಟು ಏರಿತು, ಎಷ್ಟು ದಿನಕ್ಕೆ ಇಳಿಯಿತು ಎಂಬುದನ್ನು ಗಂಟೆಗೊಮ್ಮೆ ಅಳೆದರಷ್ಟೇ ಹೇಳಬಹುದು. ಆ ಕೆಲಸವನ್ನು ಇಲ್ಲಿನ ಕಾಲೇಜುಗಳು ಕೈಗೆತ್ತಿಕೊಳ್ಳಬೇಕು, ಅದೂ ವಿದ್ಯಾರ್ಥಿಗಳೇ ಬಿಚ್ಚಿ ಓದಬಲ್ಲ ಪುಟ್ಟ ತಂತ್ರಾಂಶದಿಂದ.

ಇದು ದೂರದ ಮಾತಲ್ಲ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ ಫೀನಿಕ್ಸ್ ಯೋಜನೆ ರೂಪಿಸಿದ 'ಎಕ್ಸ್‌ಪೈಸ್' ಎಂಬ ಅಳತೆಯ ಪೆಟ್ಟಿಗೆಯ ವಿನ್ಯಾಸವೂ ತಂತ್ರಾಂಶವೂ ಎಲ್ಲರಿಗೂ ಮುಕ್ತ. ಅದರ ಪೈಥಾನ್ ಲೈಬ್ರರಿಯಲ್ಲಿ ವೋಲ್ಟೇಜ್ ಓದಲು ಒಂದೇ ಸಾಲು ಸಾಕು. ಯಂತ್ರಕ್ಕೆ ಹೋಗುವ ಬೈಟುಗಳ ಗೋಜನ್ನು ಲೈಬ್ರರಿ ನೋಡಿಕೊಳ್ಳುತ್ತದೆ. ಅದರ ಮೇಲೆ ನಾವು ಬರೆಯಬೇಕಾದ್ದು ತೆಳುವಾದ ಒಂದು ಪದರ ಮಾತ್ರ. ಬಾವಿಗೆ ಇಳಿಬಿಡುವ ಒತ್ತಡ ಸೆನ್ಸರ್ 4ರಿಂದ 20 ಮಿಲಿಆಂಪಿಯರ್ ಕರೆಂಟ್ ಕೊಡುತ್ತದೆ ಎನ್ನಿ. 250 ಓಮ್ ರೆಸಿಸ್ಟರ್ ಹಾಕಿದರೆ ಅದು 1ರಿಂದ 5 ವೋಲ್ಟ್ ಆಗುತ್ತದೆ. ಸೆನ್ಸರ್ 10 ಮೀಟರಿನದಾದರೆ 3 ವೋಲ್ಟ್ ಎಂದರೆ 5 ಮೀಟರ್ ನೀರು. ಪೆಟ್ಟಿಗೆಯ 12 ಬಿಟ್ ಅಳತೆಯಲ್ಲಿ, 16 ವೋಲ್ಟ್ ಮೇಲೆ ಕೆಳಗೆ ವ್ಯಾಪ್ತಿಯಿದ್ದರೂ, ಒಂದು ಮೆಟ್ಟಿಲು ಸುಮಾರು 2 ಸೆಂಟಿಮೀಟರ್ ನೀರಿಗೆ ಸಮ. ಇನ್ನೂ ಮುಖ್ಯವಾದ ಮಾತೆಂದರೆ, 1 ವೋಲ್ಟ್ ಬಂದರೆ ಸೆನ್ಸರ್ ಮಟ್ಟದಲ್ಲಿ ನೀರಿಲ್ಲ, ಸೊನ್ನೆ ಬಂದರೆ ತಂತಿ ಕಡಿದಿದೆ. ಇವೆರಡನ್ನೂ ಒಂದೇ ಸೊನ್ನೆಯಾಗಿ ತೋರಿಸುವ ತಂತ್ರಾಂಶ ಬರಗಾಲವಿಲ್ಲದ ಕಡೆ ಬರಗಾಲ ಸಾರೀತು.

ಕಂಪನಿಯ ಸಿದ್ಧ ತಂತ್ರಾಂಶವೇ ನಿಖರ ಎನ್ನುವವರಿದ್ದಾರೆ. ನಿಖರತೆ ನಿಂತಿರುವುದು ಸೆನ್ಸರಿನ ಗುಣಮಟ್ಟದ ಮೇಲೆ ಮತ್ತು ಆಗಾಗ ಟೇಪು ಇಳಿಬಿಟ್ಟು ತಾಳೆ ನೋಡುವುದರ ಮೇಲೆ. ಪರದೆಯ ಅಂದದ ಮೇಲಲ್ಲ. ಕಾರಂಜಾ ಜಲಾಶಯದ ಗೇಟು ನಡೆಸುವಂಥ ಕಡೆ ಪ್ರಮಾಣಿತ ವ್ಯವಸ್ಥೆಯೇ ಬೇಕು, ಅಲ್ಲಿ ನನ್ನ ತಕರಾರಿಲ್ಲ. ಬರೆದ ವಿದ್ಯಾರ್ಥಿ ಪಾಸಾಗಿ ಹೋದರೆ ಗತಿಯೇನು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಡ್ರೈವರ್ ಬದಲಾದಾಗ ಇಂಥ ಪದರ ಮುರಿಯುವುದೂ ನಿಜ. ಆದರೆ ತೆಳುವಾಗಿದ್ದರೆ ಮುಂದಿನ ಬ್ಯಾಚಿನವರು ಒಂದೇ ದಿನದಲ್ಲಿ ಓದಿ ಸರಿಪಡಿಸಬಲ್ಲರು. ಬಾಗಿಲು ಮುಚ್ಚಿದ ತಂತ್ರಾಂಶ ಕೆಟ್ಟರೆ ಆ ದಾರಿಯೇ ಇಲ್ಲ. ಅದಕ್ಕಾಗಿ ಬೀದರ, ಭಾಲ್ಕಿ, ಔರಾದ ಕಾಲೇಜುಗಳು ಒಂದೇ ಲೈಬ್ರರಿಯನ್ನು ಹಂಚಿಕೊಳ್ಳಲಿ, ಪ್ರತಿ ಬದಲಾವಣೆಯನ್ನೂ ದಿನಾಂಕದೊಡನೆ ಬರೆದಿಡಲಿ. ಕಡತದಲ್ಲಿ ಮೀಟರಿನ ಪಕ್ಕದಲ್ಲೇ ಮೂಲ ವೋಲ್ಟೇಜೂ ಉಳಿಯಲಿ. ಸೆನ್ಸರಿನ ಲೆಕ್ಕ ತಪ್ಪಿತ್ತೆಂದು ಎರಡು ವರ್ಷದ ಮೇಲೆ ತಿಳಿದರೂ ಹಳೆಯ ಅಂಕಿಗಳನ್ನು ಆಗ ತಿದ್ದಿಕೊಳ್ಳಬಹುದು.